ಹಾಡು ಕೇಳುತ್ತದೆ, ಹಾಡುವವರು ಕೇಳುವುದಿಲ್ಲ: ಮನೆಯ ಮೀಡಿಯಾ ಕಂಪ್ಯೂಟರಿನ ದನಿ ಕೆಟ್ಟಾಗ

ನಮ್ಮ ನಡುಮನೆಯಲ್ಲಿ ಟಿವಿಯ ಹಿಂದೆ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಹಾಡು, ಸಿನಿಮಾ ಓಡಿಸುವ ಕೋಡಿ ಎಂಬ ಪ್ರೋಗ್ರಾಮ್. ಎಚ್‌ಡಿಎಂಐ ಕೇಬಲ್ ಟಿವಿಗೆ ಹೋಗುತ್ತದೆ. ಹಿಂಬದಿಯ ಹಸಿರು ಜ್ಯಾಕಿನಿಂದ ಇನ್ನೊಂದು ತಂತಿ ಸ್ಟೀರಿಯೋ ಆಂಪ್ಲಿಫೈಯರಿಗೆ ಹೋಗುತ್ತದೆ. ಬೆಳಗ್ಗೆ ದೇವರನಾಮ, ಸಂಜೆ ವಾರ್ತೆ, ರಾತ್ರಿ ಸಿನಿಮಾ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ದನಿಯಲ್ಲಿ ಎಳ್ಳಷ್ಟು ಏರುಪೇರಾದರೂ ತೊಂದರೆಯಾಗುವುದು ಮೊದಲು ಅವರಿಗೇ. ಅವರು ಹೇಳಿದ ಲಕ್ಷಣಗಳನ್ನೇ ಹಿಡಿದು ದೋಷ ಹುಡುಕುತ್ತ ಕಲಿತದ್ದು ಇಲ್ಲಿದೆ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ಮೇಲಿನ ಟ್ಯಾಂಕಿನ ನೀರು ಅಡುಗೆಮನೆಯ ನಲ್ಲಿಗೆ ಬರುವ ದಾರಿಯಲ್ಲಿ ಎರಡು ಮೂರು ವಾಲ್ವ್‌ಗಳಿರುತ್ತವೆ. ಒಂದು ಅರ್ಧ ಮುಚ್ಚಿದ್ದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ನಲ್ಲಿಯನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ದನಿಗೂ ಹೀಗೆಯೇ ನಾಲ್ಕು ವಾಲ್ವ್‌ಗಳಿವೆ: ಕೋಡಿಯಂಥ ಪ್ರೋಗ್ರಾಮಿನ ವಾಲ್ಯೂಮ್, ಲಿನಕ್ಸಿನ ಧ್ವನಿ ವ್ಯವಸ್ಥೆಯ ವಾಲ್ಯೂಮ್ (ಮಿಂಟ್ 22ರಲ್ಲಿ ಅದು ಪೈಪ್‌ವೈರ್, ಹಳೆಯ ಆವೃತ್ತಿಗಳಲ್ಲಿ ಪಲ್ಸ್‌ಆಡಿಯೋ), ಸೌಂಡ್ ಕಾರ್ಡಿನ (ಕಂಪ್ಯೂಟರಿನೊಳಗೆ ದನಿ ಹೊರಡಿಸುವ ಭಾಗ) ಸ್ವಂತ ಮಿಕ್ಸರ್, ಕೊನೆಗೆ ಟಿವಿ ಅಥವಾ ಆಂಪ್ಲಿಫೈಯರಿನ ಗುಬುಟು. ಇವುಗಳ ಜೊತೆಗೆ ‘ಪ್ರೊಫೈಲ್’ ಎಂಬುದೊಂದಿದೆ. ಕಾರ್ಡು ಯಾವ ಕಿಂಡಿಯಿಂದ, ಎಷ್ಟು ಚಾನೆಲ್‌ಗಳಲ್ಲಿ (ಎಡ, ಬಲದಂಥ ದನಿಯ ಬೇರೆ ಬೇರೆ ಹಾದಿಗಳು) ದನಿ ಹೊರಗೆ ಬಿಡಬೇಕು ಎಂಬುದನ್ನು ತೀರ್ಮಾನಿಸುವುದು ಅದು. ನಾನು ಕಂಡ ದೋಷಗಳಲ್ಲಿ ಯಂತ್ರವೇ ಸತ್ತಿದ್ದು ತೀರ ಕಡಿಮೆ. ಹೆಚ್ಚಿನವು ಮುಚ್ಚಿಕೊಂಡ ಒಂದು ವಾಲ್ವ್, ಇಲ್ಲವೇ ತಪ್ಪಾದ ಒಂದು ಪ್ರೊಫೈಲ್.

ಕೈ ಹಚ್ಚುವ ಮೊದಲು ಆಂಪ್ಲಿಫೈಯರಿನ ಗುಬುಟನ್ನು ಕಾಲು ಭಾಗಕ್ಕೆ ಇಳಿಸಿ, ಹೆಡ್‌ಫೋನ್ ಕಿವಿಯಲ್ಲಿದ್ದರೆ ತೆಗೆಯಿರಿ. ಮುಚ್ಚಿದ್ದ ವಾಲ್ವ್ ಒಮ್ಮೆಲೇ ತೆರೆದಾಗ ಬರುವ ಅಬ್ಬರ ಸ್ಪೀಕರಿಗೂ ಕೆಟ್ಟದ್ದು, ಕಿವಿಗಂತೂ ಇನ್ನೂ ಕೆಟ್ಟದ್ದು. ಈಗಿನ ಪರದೆಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹಿಂದಿನ ಸ್ಥಿತಿಗೆ ಮರಳಲು ಅದೇ ದಾರಿ.

ಚಿತ್ರ ಬರುತ್ತದೆ, ಸದ್ದೇ ಇಲ್ಲ

ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆ. ಟಿವಿಯಲ್ಲಿ ಬೇರೆ ಯಾವುದಾದರೂ ಚಾನೆಲ್ ಹಾಕಿ. ಅದಕ್ಕೂ ದನಿ ಇಲ್ಲದಿದ್ದರೆ ಕಂಪ್ಯೂಟರನ್ನು ಬಿಟ್ಟು ಟಿವಿಯ ಕಡೆ ನೋಡಿ. ಅದಕ್ಕೆ ದನಿ ಇದ್ದರೆ ಕಂಪ್ಯೂಟರಿನ ಪರದೆಗೆ ಬನ್ನಿ.

‘ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್’ ಎಂಬ ಪ್ರೋಗ್ರಾಮ್ ಹಾಕಿಕೊಳ್ಳಿ. ಪೈಪ್‌ವೈರ್ ಇರುವ ಯಂತ್ರದಲ್ಲೂ ಅದು ಕೆಲಸ ಮಾಡುತ್ತದೆ. ಹಾಡು ಓಡುತ್ತಿರುವಾಗ ಅದರ ‘ಪ್ಲೇಬ್ಯಾಕ್’ ಪುಟ ನೋಡಿ. ಹಾಡಿನ ಹೆಸರಿನ ಕೆಳಗಿನ ಪಟ್ಟಿ ಕುಣಿಯುತ್ತಿದ್ದರೆ ಪ್ರೋಗ್ರಾಮಿನಿಂದ ದನಿ ಹೊರಟಿದೆ ಎಂದರ್ಥ. ಅದು ತಲುಪುತ್ತಿರುವ ಜಾಗ ಮಾತ್ರ ಬೇರೆ. ‘ಕಾನ್ಫಿಗರೇಶನ್’ ಪುಟಕ್ಕೆ ಹೋಗಿ ಪ್ರೊಫೈಲ್ ಬದಲಿಸಿ. ಟಿವಿಯಲ್ಲಿ ಕೇಳಬೇಕಿದ್ದರೆ ‘ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ’, ಹಸಿರು ಜ್ಯಾಕಿನಲ್ಲಿ ಕೇಳಬೇಕಿದ್ದರೆ ‘ಅನಲಾಗ್ ಸ್ಟೀರಿಯೋ’. ಆ ಹೆಸರಿನ ಪಕ್ಕದಲ್ಲಿ ‘ಅನ್‌ಪ್ಲಗ್ಡ್’ ಎಂದಿದ್ದರೆ ಆ ಕಿಂಡಿಯ ಆಚೆ ಏನೋ ಇದೆಯೆಂದು ಕಾರ್ಡಿಗೆ ಗೊತ್ತಾಗಿಲ್ಲ. ಕೇಬಲನ್ನು ಎರಡೂ ತುದಿಗಳಲ್ಲಿ ಕಿತ್ತು ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ಪಟ್ಟಿಯೇ ಕುಣಿಯದಿದ್ದರೆ ಕೋಡಿಯ ಆಡಿಯೋ ಸೆಟ್ಟಿಂಗಿನಲ್ಲಿ ಯಾವ ಔಟ್‌ಪುಟ್ ಆಯ್ಕೆಯಾಗಿದೆ ಎಂದು ನೋಡಿ.

ಇಷ್ಟಾದರೂ ಸದ್ದಿಲ್ಲವೇ? ಕಾರ್ಡಿನ ಮಿಕ್ಸರಿಗೆ ಇಳಿಯೋಣ. ಟರ್ಮಿನಲ್ (ಆದೇಶಗಳನ್ನು ಬರೆದು ಕೊಡುವ ಕಿಟಕಿ) ತೆರೆದು ‘ಆಲ್ಸಾಮಿಕ್ಸರ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ (alsamixer) ಬರೆಯಿರಿ. ಮೊದಲು ಕಾಣುವುದು ಬಹುತೇಕ ಒಂದೇ ಕಂಬ. ಅದನ್ನು ನೋಡಿ ಮೋಸ ಹೋಗಬೇಡಿ. ಎಫ್6 ಒತ್ತಿ ನಿಜವಾದ ಕಾರ್ಡನ್ನು ಆರಿಸಿದಾಗ ಮಾಸ್ಟರ್, ಪಿಸಿಎಂ, ಫ್ರಂಟ್, ಹೆಡ್‌ಫೋನ್ ಎಂಬ ಕಂಬಗಳು ಕಾಣುತ್ತವೆ. ಕಂಬದ ಕೆಳಗೆ ‘ಎಂಎಂ’ ಎಂದಿದ್ದರೆ ಬಾಯಿ ಮುಚ್ಚಿದೆ, ‘ಒಒ’ ಎಂದಿದ್ದರೆ ತೆರೆದಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ‘ಎಂ’ ಒತ್ತಿದರೆ ತೆರೆಯುತ್ತದೆ. ಎಚ್‌ಡಿಎಂಐ ಕಾರ್ಡಿಗೆ ಅನೇಕ ಕಡೆ ಏರಿಳಿಸುವ ಕಂಬವೇ ಇರುವುದಿಲ್ಲ, ತೆರೆದು ಮುಚ್ಚುವ ಗುಂಡಿ ಮಾತ್ರ ಇರುತ್ತದೆ. ಅದು ದೋಷವಲ್ಲ.

ಮುಂದಿನ ಫಲಕದಲ್ಲಿ ಹೆಡ್‌ಫೋನ್ ಸಿಕ್ಕಿಸಿದಾಗ ಹಿಂದಿನ ಸ್ಪೀಕರ್ ಸುಮ್ಮನಾಗುತ್ತಿದ್ದರೆ ಅದು ‘ಆಟೋ ಮ್ಯೂಟ್ ಮೋಡ್’ ಮಾಡುವ ಕೆಲಸ. ಹೆಡ್‌ಫೋನ್ ತೆಗೆದ ಮೇಲೂ ಸ್ಪೀಕರ್ ಮಾತಾಡದಿದ್ದರೆ ಇದೇ ಮಿಕ್ಸರಿನಲ್ಲಿ ಅದನ್ನು ‘ಡಿಸೇಬಲ್ಡ್’ ಮಾಡಿ ನೋಡಿ. ಆಗ ದನಿ ಬಂದರೆ ಮುಂದಿನ ಜ್ಯಾಕಿನ ಒಳಗಿನ ಸ್ವಿಚ್ ಅಂಟಿಕೊಂಡಿದೆ.

ಹಾಡು ಕೇಳುತ್ತದೆ, ಹಾಡುವವರು ಕೇಳುವುದಿಲ್ಲ

ಒಂದು ಬೆಳಗ್ಗೆ ಅಮ್ಮ ಹೀಗೆಯೇ ಹೇಳಿದರು. ವೀಣೆ, ತಬಲ ದೂರದಿಂದೆಂಬಂತೆ ಕೇಳುತ್ತಿದ್ದವು. ಗಾಯಕಿಯ ದನಿಯ ಜಾಗದಲ್ಲಿ ಬರೀ ಪ್ರತಿಧ್ವನಿ. ನಾನು ಅಂದು ಅರ್ಧ ದಿನ ಸಾಫ್ಟ್‌ವೇರ್ ಕೆದಕಿದೆ. ವಿಚಾರಿಸಿದ ಅಂಗಡಿಯವರು ಹೊಸ ಸ್ಪೀಕರ್ ಕೊಳ್ಳಲು ಹೇಳಿದರು. ದೋಷವಿದ್ದದ್ದು ಹಸಿರು ಜ್ಯಾಕಿನಲ್ಲಿ: ಗುಡಿಸುವಾಗ ಪೊರಕೆ ತಾಗಿ ಪಿನ್ನು ಎರಡು ಮಿಲಿಮೀಟರಿನಷ್ಟು ಹೊರಬಂದಿತ್ತು.

ಈ ಲಕ್ಷಣಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಹೊರಗಿನಿಂದ ಎರಡೂ ಒಂದೇ ರೀತಿ ಕಂಡರೂ ಬಿಡಿಸಿ ನೋಡಲು ಬರುತ್ತದೆ.

ಮೊದಲನೆಯದು ಜ್ಯಾಕ್. ಆ 3.5 ಮಿಲಿಮೀಟರ್ ಪಿನ್ನಿನ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್, ಬುಡದ ತೋಳು ಎರಡಕ್ಕೂ ಸೇರಿದ ಗ್ರೌಂಡ್. ಬುಡದ ಸಂಪರ್ಕ ತಪ್ಪಿದರೆ ವಿದ್ಯುತ್ತು ಎಡದಿಂದ ಬಲಕ್ಕೆ ಆಂಪ್ಲಿಫೈಯರಿನ ಎರಡೂ ಒಳದಾರಿಗಳ ಮೂಲಕ ಹಾದುಹೋಗುತ್ತದೆ. ಆಗ ಎರಡೂ ಕಡೆ ಸಮನಾಗಿದ್ದದ್ದು ಪರಸ್ಪರ ಅಳಿಸಿಹೋಗಿ, ಎಡಬಲಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹಾಡಿನ ಧ್ವನಿಮುದ್ರಣದಲ್ಲಿ ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ, ಅಂದರೆ ಎರಡೂ ಕಡೆಗೆ ಸಮನಾಗಿ ಇಟ್ಟಿರುತ್ತಾರೆ. ಹಾಗಾಗಿ ಅಳಿಯುವುದು ಅದೇ. ಬದಿಗಿಟ್ಟ ವಾದ್ಯಗಳು ಉಳಿಯುತ್ತವೆ.

ಎರಡನೆಯದು ಪ್ರೊಫೈಲ್. ಎಚ್‌ಡಿಎಂಐ ಕಾರ್ಡನ್ನು ಯಾರೋ ‘ಡಿಜಿಟಲ್ ಸರೌಂಡ್ 5.1’ಕ್ಕೆ (ತಳದನಿಯದೂ ಸೇರಿ ಆರು ಚಾನೆಲ್‌ಗಳ ದನಿ) ಇಟ್ಟಿದ್ದಾರೆ, ದನಿ ಹೊರಡಬೇಕಾದ ಸ್ಪೀಕರುಗಳು ಮಾತ್ರ ಎರಡೇ. 5.1 ಸಿನಿಮಾದಲ್ಲಿ ಸಂಭಾಷಣೆ ಬಹುಮಟ್ಟಿಗೆ ನಡುವಿನ ಚಾನೆಲ್ಲಿನಲ್ಲಿರುತ್ತದೆ. ಆ ಚಾನೆಲ್ಲಿಗೆ ಸ್ಪೀಕರ್ ಇಲ್ಲದಿದ್ದರೆ ಮಾತು ಎಲ್ಲಿಯೂ ಹೊರಬರುವುದಿಲ್ಲ. ಕಾರ್ಡಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಓಡುತ್ತಿರುವುದರಿಂದ ಯಾವ ದೋಷದ ಸಂದೇಶವೂ ಬರುವುದಿಲ್ಲ.

ಎರಡನ್ನೂ ಬೇರ್ಪಡಿಸಲು ಹಳೆಯ ಆಕಾಶವಾಣಿ ಧ್ವನಿಮುದ್ರಣದಂಥ ಒಂದು ಮಾನೊ ಫೈಲು (ಎಡಬಲ ಎರಡಕ್ಕೂ ಒಂದೇ ದನಿ), ಒಂದು ಸಾಮಾನ್ಯ ಸ್ಟೀರಿಯೋ ಹಾಡು, ಒಂದು 5.1 ಸಿನಿಮಾ ಇಟ್ಟುಕೊಳ್ಳಿ. ಮಾನೊ ಫೈಲು ಹೆಚ್ಚುಕಡಿಮೆ ನಿಶ್ಶಬ್ದವಾದರೆ ಜ್ಯಾಕಿನ ತಪ್ಪು, ಏಕೆಂದರೆ ಅದರಲ್ಲಿ ಎಡಬಲಗಳ ವ್ಯತ್ಯಾಸವೇ ಇಲ್ಲ. ಮಾನೊ, ಸ್ಟೀರಿಯೋ ಎರಡೂ ಚೆನ್ನಾಗಿ ಕೇಳಿ ಸಿನಿಮಾದ ಮಾತು ಮಾತ್ರ ಕಾಣೆಯಾದರೆ ಪ್ರೊಫೈಲಿನ ತಪ್ಪು. ಜ್ಯಾಕಾದರೆ ಕಿತ್ತು, ಪಿನ್ನನ್ನು ಒಣ ಬಟ್ಟೆಯಿಂದ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ. ಒತ್ತಿದ ಮೇಲೂ ಅಲುಗಿಸಿದಾಗ ದನಿ ಬಂದು ಹೋಗುತ್ತಿದ್ದರೆ ಬೇರೆ ತಂತಿ ಹಾಕಿ ನೋಡಿ. ಹೊಸ ತಂತಿಯಲ್ಲೂ ಅದೇ ಆದರೆ ಕಂಪ್ಯೂಟರಿನ ಜ್ಯಾಕ್ ಸವೆದಿದೆ. ಪ್ರೊಫೈಲಾದರೆ ಅದನ್ನು ಸ್ಟೀರಿಯೋಗೆ ತನ್ನಿ, ಕೋಡಿಯ ಆಡಿಯೋ ಸೆಟ್ಟಿಂಗಿನಲ್ಲೂ ಚಾನೆಲ್‌ಗಳ ಸಂಖ್ಯೆಯನ್ನು 2.0 ಎಂದು ಇಡಿ. ಎರಡೂ ಕಡೆ ಬದಲಿಸಬೇಕು.

ಇವೆರಡೂ ಅಲ್ಲ, ದನಿಗೆ ತಳವಿಲ್ಲದಂತಾಗಿದೆ, ಡೋಲು ತಬಲಗಳ ಕೆಳದನಿ ಹೋಗಿದೆ ಎಂದಾದರೆ ಆಂಪ್ಲಿಫೈಯರಿನ ಹಿಂದೆ ನೋಡಿ. ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿರಬಹುದು. ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಆ ತಂತಿಗಳನ್ನು ಮುಟ್ಟಿ.

ಮಾತು ಪಿಸುದನಿ, ಹೊಡೆದಾಟ ಸಿಡಿಲು

ಸಂಭಾಷಣೆ ಕೇಳಲೆಂದು ದನಿ ಏರಿಸುತ್ತೀರಿ. ಮರುಕ್ಷಣ ಹಿನ್ನೆಲೆ ಸಂಗೀತ ಮನೆಯನ್ನೇ ಎಬ್ಬಿಸುತ್ತದೆ. ಚಿತ್ರಮಂದಿರಕ್ಕಾಗಿ ಮಾಡಿದ ಮಿಶ್ರಣದಲ್ಲಿ ಮೆಲುದನಿಗೂ ಅಬ್ಬರಕ್ಕೂ ನಡುವಿನ ಅಂತರ ದೊಡ್ಡದು. ಆರು ಚಾನೆಲ್‌ಗಳನ್ನು ಎರಡಕ್ಕೆ ಇಳಿಸುವಾಗ, ಎಲ್ಲವೂ ಕೂಡಿ ಉಕ್ಕದಿರಲೆಂದು ಒಟ್ಟು ಮಟ್ಟವನ್ನು ತಗ್ಗಿಸಲಾಗುತ್ತದೆ. ಮಾತು ಇನ್ನಷ್ಟು ಕೆಳಗೆ ಹೋಗುತ್ತದೆ.

ಕೋಡಿಯಲ್ಲಿ ಸಿನಿಮಾ ಓಡುತ್ತಿರುವಾಗ ಆಡಿಯೋ ಸೆಟ್ಟಿಂಗ್ ತೆರೆದರೆ ‘ವಾಲ್ಯೂಮ್ ಆಂಪ್ಲಿಫಿಕೇಶನ್’ ಇದೆ. ಹೊಸ ಆವೃತ್ತಿಗಳಲ್ಲಿ ನಡುವಿನ ಚಾನೆಲ್ಲನ್ನು ಮಾತ್ರ ಎತ್ತುವ ಆಯ್ಕೆಯೂ ಇದೆ. ಅಮ್ಮನಿಗಾಗಿ ನಾನು ಬಳಸುವುದು ಈ ಎರಡನೆಯದನ್ನು, ಏಕೆಂದರೆ ಅದು ಮಾತನ್ನಷ್ಟೇ ಮುಂದೆ ತರುತ್ತದೆ. 3 ಡೆಸಿಬೆಲ್‌ನಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಏರಿಸಿ. ಟಿವಿಯಲ್ಲಿ ರಾತ್ರಿ ಮೋಡ್ ಅಥವಾ ಸ್ವಯಂ ವಾಲ್ಯೂಮ್ ಇದ್ದರೆ ಅದನ್ನೂ ಪ್ರಯತ್ನಿಸಬಹುದು. ಸಂಗೀತ ಕೇಳುವಾಗ ಮಾತ್ರ ಅದನ್ನು ತೆಗೆಯಿರಿ. ರಾಗದ ಆಲಾಪನೆಯ ಏರಿಳಿತವನ್ನೆಲ್ಲ ಅದು ಒಂದೇ ಮಟ್ಟಕ್ಕೆ ತುಳಿದುಬಿಡುತ್ತದೆ.

ಎಲ್ಲವನ್ನೂ ಏರಿಸಿದರೂ ದನಿ ಸಣ್ಣದು, ಜೊತೆಗೆ ‘ಸ್ಸ್’ ಎಂಬ ಸದ್ದು

ಇದು ವಾಲ್ವ್‌ಗಳ ಲೆಕ್ಕ. ಲಿನಕ್ಸಿನ ವಾಲ್ಯೂಮ್ ಪಟ್ಟಿಯಲ್ಲಿ 50 ಶೇಕಡಾ ಎಂದರೆ ಅರ್ಧ ದನಿಯಲ್ಲ. ಅದು ಸುಮಾರು 18 ಡೆಸಿಬೆಲ್ ಇಳಿಕೆ. ಕೋಡಿಯಲ್ಲೂ ಇಳಿಸಿ ಇಲ್ಲೂ ಇಳಿಸಿದರೆ ಇಳಿಕೆಗಳು ಕೂಡುತ್ತವೆ. ಆ ಬಡಕಲು ದನಿಯನ್ನು ಎತ್ತಲು ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ, ದಾರಿಯಲ್ಲಿದ್ದ ಗೊಸಗೊಸ ಸದ್ದೂ ಅದರ ಜೊತೆಗೇ ಎದ್ದುಬರುತ್ತದೆ.

ಆಂಪ್ಲಿಫೈಯರನ್ನು ಕೆಳಗಿಳಿಸಿ. ಕೋಡಿ 100, ವ್ಯವಸ್ಥೆ 100, ಕಾರ್ಡಿನ ಮಿಕ್ಸರಿನಲ್ಲಿ ಡೆಸಿಬೆಲ್ ಅಂಕಿ 0 ಇರುವ ಜಾಗ. ಇಷ್ಟನ್ನು ಇಟ್ಟು ಇನ್ನು ಮುಂದೆ ಕೊನೆಯ ಗುಬುಟು ಒಂದನ್ನೇ ತಿರುಗಿಸಿ. ಇದಕ್ಕೆ ವಿರುದ್ಧವಾದ ದೋಷವೂ ಇದೆ: ದನಿ ಜೋರಾಗಿದ್ದು ಹರಿದ ಬಟ್ಟೆಯಂತೆ ಕೇಳಿಸಿದರೆ, ಯಾರೋ ವ್ಯವಸ್ಥೆಯ ವಾಲ್ಯೂಮನ್ನು 100ರ ಆಚೆಗೆ ಎಳೆದಿರುತ್ತಾರೆ. ಮೇಲೆ ಹೇಳಿದ ಪ್ರೋಗ್ರಾಮಿನಲ್ಲಿ ಅದನ್ನು 153 ಶೇಕಡಾ, ಅಂದರೆ 11 ಡೆಸಿಬೆಲ್ ಹೆಚ್ಚುವರಿಯವರೆಗೆ ಎಳೆಯಬಹುದು. 100ಕ್ಕೆ ಇಳಿಸಿದ ಮೇಲೂ ಒಂದೇ ಸ್ಪೀಕರ್ ಹರಿದಂತೆ ಕೇಳಿದರೆ ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ಕಿತ್ತು, ಅದರ ಹಿಂದಿನ ಎಡಬಲ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ. ಹರಿದ ದನಿ ಇನ್ನೊಂದು ಸ್ಪೀಕರಿಗೆ ಹೋದರೆ ಸ್ಪೀಕರ್ ಸರಿಯಿದೆ. ಅಲ್ಲೇ ಉಳಿದರೆ ಕೆಟ್ಟಿರುವುದು ಆ ಸ್ಪೀಕರೇ.

ಆನ್ ಮಾಡಿದಾಗಲೆಲ್ಲ ವಾಲ್ಯೂಮ್ ಬೇರೆ ಇರುತ್ತದೆ

ಯಂತ್ರ ಆರಿಸುವಾಗ ಕಾರ್ಡಿನ ಮಿಕ್ಸರ್ ಸ್ಥಿತಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಮತ್ತೆ ಆನ್ ಮಾಡಿದಾಗ ಓದಿಕೊಳ್ಳುವ ಏರ್ಪಾಡು ಲಿನಕ್ಸಿನಲ್ಲಿದೆ. ಕರೆಂಟು ಹೋಗಿ ಕಂಪ್ಯೂಟರ್ ಒಮ್ಮೆಲೇ ಆರಿದರೆ ಬರೆಯಲು ಸಮಯವೇ ಸಿಗುವುದಿಲ್ಲ. ಹಳೆಯ ಸ್ಥಿತಿ ಮರಳುತ್ತದೆ. ಆದ್ದರಿಂದ ಎಲ್ಲವನ್ನೂ ಸರಿಪಡಿಸಿದ ದಿನ ಕೈಯಾರೆ ಬರೆಸಿಬಿಡಿ. ‘ಆಲ್ಸಾ’ ಎಂಬ ಇಂಗ್ಲಿಷ್ ಹೆಸರಿಗೆ ಸಿ, ಟಿ, ಎಲ್ ಎಂಬ ಮೂರು ಅಕ್ಷರ ಸೇರಿಸಿದರೆ ಆ ಆದೇಶದ ಹೆಸರು. ಅದರ ಮುಂದೆ ‘ಸ್ಟೋರ್’ ಎಂದು ಬರೆದು, ಆಡಳಿತಗಾರರ ಅಧಿಕಾರದಿಂದ ಓಡಿಸಿ (sudo alsactl store).

ಇದೇ ಆದೇಶಕ್ಕೆ ಬೇರೆ ಫೈಲಿನ ಹೆಸರು ಕೊಡಲೂ ಬರುತ್ತದೆ. ನಾನು ‘ಹಗಲು’, ‘ರಾತ್ರಿ’ ಎಂಬ ಅರ್ಥದ ಎರಡು ಫೈಲು ಮಾಡಿದ್ದೇನೆ. ಹಗಲಿನದರಲ್ಲಿ ಕಾರ್ಡು ಪೂರ್ಣ ಮಟ್ಟದಲ್ಲಿದೆ, ರಾತ್ರಿಯದರಲ್ಲಿ ಮಾಸ್ಟರ್ 20 ಡೆಸಿಬೆಲ್ ಕೆಳಗೆ. ‘ರಿಸ್ಟೋರ್’ ಎಂದು ಆ ಫೈಲನ್ನು ಓದಿಸಿದರೆ ಇಡೀ ಮಿಕ್ಸರ್ ಆ ಸ್ಥಿತಿಗೆ ಬರುತ್ತದೆ. ರಾತ್ರಿ ಹತ್ತಕ್ಕೆ ಇದು ತಾನಾಗಿ ಆಗುವಂತೆ ವೇಳಾಪಟ್ಟಿಗೆ ಸೇರಿಸಿದ ಮೇಲೆ, ಮಲಗಿದ ಅಮ್ಮ ಬೆಚ್ಚಿ ಎದ್ದದ್ದಿಲ್ಲ.

ಪ್ರೊಫೈಲ್ ಮತ್ತು ವ್ಯವಸ್ಥೆಯ ವಾಲ್ಯೂಮ್ ಮಾತ್ರ ಬೇರೆ ಕಡೆ ನೆನಪಿರುತ್ತವೆ. ಪೈಪ್‌ವೈರಿನಲ್ಲಿ ಆ ಹೊಣೆ ವೈರ್‌ಪ್ಲಂಬರ್ ಎಂಬುದರದು; ಅದರ ನೆನಪಿನ ಫೈಲುಗಳು ನಿಮ್ಮ ಹೋಮ್ ಫೋಲ್ಡರಿನ ‘.ಲೋಕಲ್’ ಒಳಗಿನ ‘ಸ್ಟೇಟ್’ ಎಂಬಲ್ಲಿವೆ. ಎಷ್ಟು ಬಾರಿ ಬದಲಿಸಿದರೂ ತಪ್ಪು ಪ್ರೊಫೈಲೇ ಮರಳುತ್ತಿದ್ದರೆ, ವೈರ್‌ಪ್ಲಂಬರ್ ಹೆಸರಿನ ಆ ಫೋಲ್ಡರಿಗೆ ಬೇರೆ ಹೆಸರಿಟ್ಟು ಕಂಪ್ಯೂಟರನ್ನು ಮತ್ತೆ ಆರಂಭಿಸಿ. ಅಳಿಸಬೇಡಿ, ಹೆಸರು ಬದಲಿಸಿದರೆ ಸಾಕು.

ಟಿವಿ ಆರಿರುವಾಗ ಕಂಪ್ಯೂಟರ್ ಆನ್ ಮಾಡಿದ ದಿನ ಮಾತ್ರ ಹೀಗಾಗುತ್ತಿದ್ದರೆ ಫೋಲ್ಡರಿಗೂ ಕೈ ಹಾಕಬೇಕಿಲ್ಲ. ಟಿವಿ ಉತ್ತರಿಸದಾಗ ಎಚ್‌ಡಿಎಂಐ ಕಿಂಡಿ ಖಾಲಿ ಎಂದು ತಿಳಿದು ಧ್ವನಿ ವ್ಯವಸ್ಥೆ ದನಿಯನ್ನು ಹಸಿರು ಜ್ಯಾಕಿಗೆ ತಿರುಗಿಸುತ್ತದೆ. ಮೊದಲು ಟಿವಿ, ಆಮೇಲೆ ಕಂಪ್ಯೂಟರ್.

ಕೋಡಿಯ ವಾಲ್ಯೂಮ್ ಒತ್ತಿದರೂ ಏನೂ ಆಗುವುದಿಲ್ಲ

‘ಪಾಸ್‌ಥ್ರೂ’ ಆನ್ ಆಗಿದೆ. ಆಗ ಕೋಡಿ ಡಾಲ್ಬಿ ವಿಧಾನದಲ್ಲಿ ಕಟ್ಟಿಟ್ಟ ದನಿಯ ಕಟ್ಟನ್ನು ಬಿಚ್ಚದೆ ಹಾಗೆಯೇ ರಿಸೀವರಿಗೆ (ಆ ಕಟ್ಟನ್ನು ತಾನೇ ಬಿಚ್ಚಬಲ್ಲ ಆಂಪ್ಲಿಫೈಯರ್) ದಾಟಿಸುತ್ತದೆ. ಬಿಚ್ಚದ ಕಟ್ಟಿನೊಳಗಿನ ದನಿಯನ್ನು ಏರಿಸಲೂ ಇಳಿಸಲೂ ಅದಕ್ಕೆ ಆಗದು. ರಿಸೀವರಿನ ರಿಮೋಟ್ ಬಳಸಿ, ಇಲ್ಲವೇ ಪಾಸ್‌ಥ್ರೂ ತೆಗೆಯಿರಿ.

ಹಾಡಿನ ಆರಂಭ ನುಂಗಿಹೋಗುತ್ತದೆ, ‘ಟಪ್’ ಎನ್ನುತ್ತದೆ

ಸುಮ್ಮನಿದ್ದಾಗ ಕಾರ್ಡು ವಿದ್ಯುತ್ ಉಳಿಸಲು ಮಲಗುತ್ತದೆ, ಹಾಡು ಶುರುವಾದಾಗ ಏಳುತ್ತದೆ. ಕೋಡಿಯಲ್ಲಿ ‘ಆಡಿಯೋ ಡಿವೈಸನ್ನು ಎಚ್ಚರವಾಗಿಡು’ ಎಂಬ ಆಯ್ಕೆಯಲ್ಲಿ ಸಮಯ ಹೆಚ್ಚಿಸಿ. ಸಾಲದಿದ್ದರೆ ಇಂಟೆಲ್ ಕಾರ್ಡಿನ ಡ್ರೈವರಿನಲ್ಲಿ ‘ಪವರ್ ಸೇವ್’ ಮೌಲ್ಯವನ್ನು 0 ಮಾಡಬೇಕು.

ನಿಲ್ಲದ ‘ಗುಂಯ್’

ಇಲ್ಲಿಂದ ಮುಂದೆ ವಿದ್ಯುತ್ತಿನ ವಿಷಯ, ಅವಸರ ಬೇಡ.

ನಮ್ಮ ಮನೆಗಳ ಕರೆಂಟು 230 ವೋಲ್ಟ್, 50 ಹರ್ಟ್ಜ್. ಕೆಳದನಿಯ ಗುಂಯ್‌ಕಾರಕ್ಕೆ ಮೂಲ ಬಹುತೇಕ ಅದೇ. ಕಂಪ್ಯೂಟರಿನ ಜ್ಯಾಕನ್ನು ಆಂಪ್ಲಿಫೈಯರಿನಿಂದ ಕಿತ್ತಾಗಲೂ ಗುಂಯ್ ನಿಲ್ಲದಿದ್ದರೆ ದೋಷ ಆಂಪ್ಲಿಫೈಯರಿನ ಒಳಗಿದೆ. ನಿಂತರೆ, ಟಿವಿಗೆ ಬರುವ ಕೇಬಲ್ ಅಥವಾ ಡಿಶ್ ತಂತಿಯನ್ನು ತಿರುಗಿಸಿ ಬಿಚ್ಚಿ ನೋಡಿ. ಆಗ ಮಾಯವಾದರೆ ಅದು ಗ್ರೌಂಡ್ ಲೂಪ್: ಗೋಡೆಯ ಅರ್ತಿಂಗ್ ಒಂದು ದಾರಿ, ಹೊರಗಿನಿಂದ ಬರುವ ಕೇಬಲ್ ಇನ್ನೊಂದು ದಾರಿ, ಎರಡೂ ಸೇರಿ ಒಂದು ಉಂಗುರ. ಆಡಿಯೋ ತಂತಿಯ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಅದನ್ನು ತುಂಡರಿಸುತ್ತದೆ.

ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ತೆಗೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಲೇಬೇಡಿ. ಸದ್ದು ನಿಲ್ಲಬಹುದು. ಆದರೆ ಒಳಗೆ ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದ ದಿನ ಜೀವ ಉಳಿಸುವುದು ಆ ಪಿನ್ನೇ. ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದಾಗ ಬೆರಳಿಗೆ ಜುಂ ಎನ್ನುವುದಾದರೆ ದನಿಯ ದೋಷವನ್ನು ಅಲ್ಲಿಗೇ ಬಿಡಿ. ಮನೆಯ ಆ ಸಾಕೆಟ್ಟಿಗೆ ಅರ್ತ್ ಇಲ್ಲದಿರುವುದರ ಗುರುತು ಅದು. ಪವರ್ ಸಪ್ಲೈಯ ಫಿಲ್ಟರಿನಿಂದ ಸೋರುವ ಅಲ್ಪ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯಲ್ಲಿ ನಿಂತಿರುತ್ತದೆ. ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಸಾಕೆಟ್ಟಿನ ಅರ್ತ್ ಪರೀಕ್ಷಿಸಲು ಹೇಳಿ.

ಕೈಬಿಟ್ಟು ಬೇರೆಯವರಿಗೆ ಕೊಡಬೇಕಾದದ್ದು ಯಾವಾಗ

ಸುಟ್ಟ ವಾಸನೆ, ಹೊಗೆ, ಆಂಪ್ಲಿಫೈಯರ್ ಮುಟ್ಟಲಾಗದಷ್ಟು ಬಿಸಿ: ಗೋಡೆಯ ಸ್ವಿಚ್ ಆರಿಸಿ. ಮುಚ್ಚಳ ತೆರೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಸಿಡಿಲು ಬಡಿದ ಸಂಜೆಯ ನಂತರ ಕಾರ್ಡಿನ ಹೆಸರೇ ಪಟ್ಟಿಯಿಂದ ಮಾಯವಾಗಿದ್ದರೆ ಮತ್ತು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಆಡಿಯೋ ಆನ್ ಇದ್ದರೆ, ಮದರ್‌ಬೋರ್ಡಿನ ಚಿಪ್ಪು ಹೋಗಿರುವ ಸಂಭವ ಹೆಚ್ಚು. ಅದನ್ನು ರಿಪೇರಿ ಮಾಡಿಸುವ ಬದಲು ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಸಿಕ್ಕಿಸುವುದು ಅಗ್ಗ. ಅಂಗಡಿಗೆ ಒಯ್ಯುವುದಾದರೆ ಮೂರು ಫೈಲಿನ ಪರೀಕ್ಷೆಯಲ್ಲಿ ಯಾವುದು ಕೇಳಿತು, ಯಾವುದು ಕೇಳಲಿಲ್ಲ ಎಂಬುದನ್ನು, ತಂತಿ ಅದಲುಬದಲು ಮಾಡಿದಾಗ ದೋಷ ಎತ್ತ ಹೋಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋಗಳನ್ನೂ ತೋರಿಸಿ.